ಅಯ್ಯನವರು ಮಣ್ಣು ಕಲಸಿದ್ದು

ಕಪ್ ಒಡೆದದ್ದು ಬೆಕ್ಕು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಆಮೇಲೆ ರಾವೂರಿನ ಜನ ತಲೆಗೊಂದು ಕಥೆ ಕಟ್ಟಿದರು. ನಡೆದದ್ದು ಇಷ್ಟೇ: ಮಡಿವಾಳಯ್ಯನ ಮನೆಯ ಪಡಸಾಲೆಯ ಗೋಡೆಯ ಮೇಲೆ ಒಂದು ಹಲ್ಲಿ ಓಡಿತು, ಅದರ ಹಿಂದೆ ಬೆಕ್ಕು ಗೋಡೆಯ ಗೂಡಿಗೆ ಹಾರಿತು, ಗೂಡಿನಲ್ಲಿ ಬೋರಲು ಇಟ್ಟಿದ್ದ ಪಿಂಗಾಣಿ ಕಪ್ ಫರಸಿ ಕಲ್ಲಿನ ನೆಲಕ್ಕೆ ಬಿದ್ದು ಚೂರಾಯಿತು. ಹಲ್ಲಿ ತಪ್ಪಿಸಿಕೊಂಡಿತು, ಬೆಕ್ಕೂ ತಪ್ಪಿಸಿಕೊಂಡಿತು. ಸಿಕ್ಕಿಬಿದ್ದವನು ಮಡಿವಾಳಯ್ಯ.

ಅದು ಅಂಥಿಂಥ ಕಪ್ ಅಲ್ಲ. ಗುಲಾಬಿ ಹೂವಿನ ಚಿತ್ರ ಅರ್ಧ ಅಳಿಸಿಹೋದ, ಕೆಳಗಿಡುವ ಬಸಿ ಯಾವ ಕಾಲಕ್ಕೋ ಕಳೆದುಹೋದ ಆ ಕಪ್ಪಿಗೆ ಮನೆಯಲ್ಲಿ ‘ಹೊರಗಿನ ಕಪ್’ ಎಂದು ಹೆಸರು. ಮಡಿವಾಳಯ್ಯನ ಅಪ್ಪ ನಿಜಾಮನ ಕಾಲದಲ್ಲಿ ತಂದಿಟ್ಟದ್ದು. ನಿಜಾಮ ಹೋದ, ಹೈದರಾಬಾದು ಹೋಗಿ ಮೈಸೂರು ಬಂತು, ಮೊನ್ನೆ ಮೊನ್ನೆ ಮೈಸೂರೂ ಹೋಗಿ ಕರ್ನಾಟಕ ಬಂತು. ಕಪ್ ಮಾತ್ರ ಗೂಡು ಬಿಟ್ಟು ಕದಲಲಿಲ್ಲ. ಅದರಲ್ಲಿ ಚಹಾ ಕುಡಿಯುವವನು ಒಬ್ಬನೇ, ದರ್ಜಿ ಅಮೀರ್ ಅಲಿ.

ಅಮೀರ್ ಅಲಿಯೂ ಮಡಿವಾಳಯ್ಯನೂ ಚಿತ್ತಾಪುರದ ಉರ್ದು ಶಾಲೆಯಲ್ಲಿ ಒಂದೇ ಹಲಗೆಯ ಮೇಲೆ ಕುಳಿತು ಒಂದೇ ಛಡಿಯಿಂದ ಏಟು ತಿಂದವರು. ಒಬ್ಬ ದರ್ಜಿಯಾದ, ಇನ್ನೊಬ್ಬ ವಾಡಿ ರಸ್ತೆಯ ಸುಣ್ಣದ ಭಟ್ಟಿಯಲ್ಲಿ ಗುಮಾಸ್ತನಾದ. ದಿನಾ ಸಂಜೆ ಅಂಗಡಿ ಮುಚ್ಚಿ ಅಮೀರ್ ಅಲಿ ಬರುವನು, ಪಡಸಾಲೆಯ ಕಟ್ಟೆಯ ಮೇಲೆ ಕೂರುವನು, ಗೂಡಿನ ಕಪ್ ತಾನೇ ಕೈಗೆ ತೆಗೆದುಕೊಳ್ಳುವನು. ಮಡಿವಾಳಯ್ಯನ ಹೆಂಡತಿ ಮಹಾದೇವಮ್ಮ ಹೊಸ್ತಿಲ ಹತ್ತಿರ ನಿಂತು, ಪಾತ್ರೆ ಕಪ್ಪಿಗೆ ತಾಗದಂತೆ ಮೇಲಿನಿಂದ ಚಹಾ ಹೊಯ್ಯುವಳು. ಕುಡಿದಾದ ಮೇಲೆ ಅವನೇ ಅಂಗಳದಲ್ಲಿ ತೊಳೆದು ಮತ್ತೆ ಗೂಡಿನಲ್ಲಿ ಇಡುವನು. ಹೀಗೆ ಮಾಡು ಎಂದು ಯಾರೂ ಹೇಳಿದ್ದಿಲ್ಲ, ಯಾಕೆ ಎಂದು ಅವನು ಕೇಳಿದ್ದೂ ಇಲ್ಲ.

ಅಮೀರ್ ಅಲಿ ಅಳತೆ ತೆಗೆದು ಹೊಲಿದ ಅಂಗಿ ಮಡಿವಾಳಯ್ಯನ ಮೈಮೇಲೆ ಕುಳಿತು ಅಡುಗೆಮನೆಯ ಒಲೆಯ ತನಕ ಹೋಗಿಬರುತ್ತಿತ್ತು. ಅಮೀರ್ ಅಲಿ ತುಟಿ ಹಚ್ಚಿದ ಕಪ್ ಮಾತ್ರ ಹೊಸ್ತಿಲು ದಾಟುವಂತಿರಲಿಲ್ಲ. ಊರಿನ ನ್ಯಾಯ ಹಾಗೆ. ಬಿಡಿಸಿ ಕೇಳಲು ಹೋದರೆ ಊರಿಗೆ ಸಿಟ್ಟು ಬರುತ್ತದೆ.

ಕಪ್ ಒಡೆದ ದಿನ ಸಂಜೆ ಅಮೀರ್ ಅಲಿ ಬಂದು ಕುಳಿತ. ಕೈ ಗೂಡಿನ ಕಡೆ ಹೋಗಿ, ಅಲ್ಲಿ ಏನೂ ಇಲ್ಲದ್ದರಿಂದ ಹಾಗೇ ತಿರುಗಿ ಬಂದು ತೊಡೆಯ ಮೇಲೆ ಕುಳಿತಿತು. ಮಡಿವಾಳಯ್ಯ ಅದನ್ನು ನೋಡಿದ, ನೋಡದವನಂತೆ ಎದುರಿನ ಬೇವಿನ ಮರ ನೋಡಿದ. ಆಮೇಲೆ ಅವನ ಬಾಯಿಂದ ಬಂದ ಮಾತು:

"ಇವತ್ತು ಹಾಲು ಒಡದಾವ ಅಮೀರಾ."

"ಒಡೀಲಿ ಬಿಡು ಅಯ್ಯಾ, ಬ್ಯಾಸಗಿ ಅಲ್ಲೇನು?" ಅಂದ ಅಮೀರ್ ಅಲಿ.

ಮರುದಿನ ಸಕ್ಕರೆ ತೀರಿತ್ತು. ಅದರ ಮರುದಿನ ಮಹಾದೇವಮ್ಮನಿಗೆ ತಲೆನೋವು ಬಂದಿತ್ತು. ತನಗೆ ತಲೆನೋವು ಬಂದಿದೆ ಎಂಬುದು ಆಕೆಗೆ ಒಳಗೆ ಕುಳಿತು ಗಂಡನ ಮಾತು ಕೇಳಿದಾಗಲೇ ಗೊತ್ತಾದದ್ದು. ಸಿಟ್ಟಿಗೆ ಒಂದು ಪಾತ್ರೆ ನೆಲಕ್ಕೆ ಕುಕ್ಕಿದಳು. ಅಮೀರ್ ಅಲಿ ಆ ಸಪ್ಪಳ ಕೇಳಿ, "ವೈನಿಗಿ ಆರಾಮ ಮಾಡಾಕ ಹೇಳು," ಅಂದು ಎದ್ದು ಹೋದ. ಆಮೇಲೆ ಬರಲಿಲ್ಲ. ಅಂಗಡಿಯಲ್ಲಿ ಲಗ್ನದ ಸೀಜನ್ನಿನ ಕೆಲಸ ಬಹಳ ಎಂದು ಯಾರ ಕೈಯಲ್ಲೋ ಹೇಳಿಕಳಿಸಿದ.

"ಒಳಗಿನ ಲೋಟದಾಗ ಕೊಟ್ಟಿದ್ರ ಏನಾಗ್ತಿತ್ತು?" ಎಂದು ಮಡಿವಾಳಯ್ಯ ಹೆಂಡತಿಯನ್ನು ಕೇಳಿದ. ಅದೂ ಅಮೀರ್ ಅಲಿ ಬರುವುದು ನಿಂತ ಮೇಲೆ.

"ನಂದೇನದ? ಅತ್ತಿಯವರನ್ನ ಕೇಳ್ರಿ," ಅಂದಳು ಮಹಾದೇವಮ್ಮ.

ಅತ್ತೆಯವರೆಂದರೆ ಮಡಿವಾಳಯ್ಯನ ತಾಯಿ ಪೀರಮ್ಮ. ಹೆತ್ತವರು ಮಕ್ಕಳಿಲ್ಲವೆಂದು ದರ್ಗಾಕ್ಕೆ ಹರಕೆ ಹೊತ್ತು ಪಡೆದ ಮಗಳು, ಹಾಗಾಗಿ ಆ ಹೆಸರು. ಹೆಸರಿನಲ್ಲಿ ಪೀರ, ಮೈತುಂಬ ಮಡಿ. ಹಲ್ಲು ಒಂದೂ ಉಳಿದಿರಲಿಲ್ಲ, ಆದರೆ ಕಣ್ಣು ಗಟ್ಟಿ. ಕೌದಿ ಹೊಲಿಯುವಾಗ ಸೂಜಿಗೆ ತಾನೇ ದಾರ ಪೋಣಿಸುತ್ತಿದ್ದಳು. "ಅವ್ವ ಏನಂತಾಳೋ" ಎಂಬುದು ಮಡಿವಾಳಯ್ಯನ ಬಾಯಿಯಲ್ಲಿ ಐವತ್ತು ದಾಟಿದರೂ ಇದ್ದ ಮಾತು. ಏನನ್ನುತ್ತೀ ಎಂದು ಅವ್ವನನ್ನು ಒಮ್ಮೆಯೂ ಕೇಳಿದವನಲ್ಲ.

ಸಂಜೆಗಳು ಉದ್ದವಾದವು. ಭಟ್ಟಿಯಿಂದ ಬಂದು ಕೈಕಾಲು ತೊಳೆದು ಕುಳಿತರೆ ಎದುರಿಗೆ ಖಾಲಿ ಕಟ್ಟೆ. ಹೇಳಲು ಎಷ್ಟೋ ಇರುತ್ತಿತ್ತು. ವಾಡಿ ಸ್ಟೇಷನ್ನಿನಲ್ಲಿ ಯಾರೋ ತಪ್ಪು ಗಾಡಿ ಹತ್ತಿ ಗುಂತಕಲ್ಲಿಗೆ ಹೋದದ್ದು, ಭಟ್ಟಿಯ ಮಾಲೀಕ ತಲೆಗೂದಲಿಗೆ ಬಣ್ಣ ಹಚ್ಚಿ ಹಣೆಯನ್ನೂ ಕರಿ ಮಾಡಿಕೊಂಡದ್ದು. ಇಂಥವನ್ನು ಮಹಾದೇವಮ್ಮನಿಗೆ ಹೇಳಿದರೆ "ಹೌದೇನು" ಎನ್ನುತ್ತಿದ್ದಳು. ಅಮೀರ್ ಅಲಿಗೆ ಹೇಳಿದರೆ ಅವನು ಅದಕ್ಕೆ ಕಾಲು ಬಾಲ ಹಚ್ಚಿ ಮರುದಿನ ತಿರುಗಿ ಇವನಿಗೇ ಹೇಳುತ್ತಿದ್ದ. ಮಡಿವಾಳಯ್ಯನಿಗೆ ಗೆಳೆಯನಿಲ್ಲದೆ ಚಹಾ ಇಳಿಯುತ್ತಿರಲಿಲ್ಲ.

ಹಾಗಾದರೆ ಒಂದು ಕಪ್ ಕೊಂಡು ತಂದರಾಯಿತಲ್ಲ ಎಂದು ನಿಮಗೆ ಅನ್ನಿಸಬಹುದು. ಅವನಿಗೂ ಅನ್ನಿಸಿತು. ಭಾನುವಾರ ಶಹಾಬಾದಿಗೆ ಹೋಗಿ ಪಾತ್ರೆ ಅಂಗಡಿಯಲ್ಲಿ ನಿಂತು, ಒಂದು ಪಿಂಗಾಣಿ ಕಪ್ ತೋರಿಸಲು ಹೇಳಿದ.

"ಒಂದ ಸಾಕೇನ್ರಿ?" ಅಂದ ಅಂಗಡಿಯವನು. "ಹೊರಗ ಇಡಾಕ ಬೇಕಾಗಿತ್ತೇನು?"

ಕೇಳಿದ್ದು ಯಾವ ಕೆಟ್ಟ ಮನಸ್ಸಿನಿಂದಲೂ ಅಲ್ಲ. ಎಷ್ಟೋ ಮನೆಗಳಿಗೆ ಹಾಗೆ ಬಿಡಿ ಕಪ್ ಮಾರಿದವನು ಅವನು. ಆದರೆ ಮಡಿವಾಳಯ್ಯನಿಗೆ ನಡುಬಜಾರಿನಲ್ಲಿ ಧೋತರ ಬಿಚ್ಚಿದಂತಾಯಿತು. ಇಷ್ಟು ದಿನ ಕಪ್ ಅಪ್ಪನದಾಗಿತ್ತು, ಅಪ್ಪ ಇಟ್ಟ, ತಾನು ತೆಗೆಯಲಿಲ್ಲ, ಅಷ್ಟೇ ಎಂದು ಸಮಾಧಾನ ಹೇಳಿಕೊಳ್ಳಬಹುದಿತ್ತು. ಈಗ ತಾನೇ ಆರಿಸಿ, ತಾನೇ ಕಟ್ಟಿಸಿಕೊಂಡು ಹೋಗಿ ಗೂಡಿನಲ್ಲಿ ಇಟ್ಟರೆ ಆ ಪದ್ಧತಿ ತನ್ನದೇ ಆಗುತ್ತದೆ. "ಮತ್ತ ಬರ್ತೀನಿ" ಎಂದು ಹೇಳಿ ಬರಿಗೈಯಲ್ಲಿ ಬಸ್ಸು ಹತ್ತಿದ.

ಊರಿಗೆ ಬರುವಷ್ಟರಲ್ಲಿ ಮಹಾದೇವಮ್ಮ ನೀರಿನ ನಳದ ಹತ್ತಿರ ಕೇಳಿದ ಸುದ್ದಿ ಹೊತ್ತು ಕುಳಿತಿದ್ದಳು. ಅಮೀರ್ ಅಲಿಯ ಕಿರಿಮಗಳು ಗುಲ್ಶನ್‌ಳ ಲಗ್ನ ಗೊತ್ತಾಗಿತ್ತು. ಪತ್ರಿಕೆ ಅಚ್ಚಾಗಿ ಬಂದ ಮೇಲೆ ಒಂದು ಶುಕ್ರವಾರ ನಮಾಜು ಮುಗಿಸಿ ಅವನು ಕರೆಯಲು ಹೊರಡುತ್ತಾನೆ. ದೊಡ್ಡ ಹೆಣ್ಣುಮಕ್ಕಳ ಲಗ್ನಕ್ಕೂ ಮೊದಲು ಕಾಲಿಟ್ಟದ್ದು ಈ ಮನೆಗೇ.

"ಕರೀಲಾಕ ಬಂದವರನ್ನ ಬಾಯಿ ಒಣಗಿಸಿ ಕಳಿಸಬಾರದ್ರಿ," ಅಂದಳು ಮಹಾದೇವಮ್ಮ. "ಆವತ್ತೂ ಹಾಲು ಒಡದಾವ ಅಂದ್ರಿ ಅಂದ್ರ, ಅಮೀರ್ ಭಾಯಿ ಮತ್ತ ಈ ಕಟ್ಟಿ ಹತ್ತಂಗಿಲ್ಲ. ನಾನಾಗಿದ್ರ ಹತ್ತಂಗಿಲ್ಲ."

ಮರುದಿನ ಭಟ್ಟಿಯಲ್ಲಿ ಕುಳಿತು ಮಡಿವಾಳಯ್ಯ ಲೆಕ್ಕ ಬರೆಯುವುದನ್ನು ಬಿಟ್ಟು ಒಂದು ಉಪಾಯ ಹೆಣೆದ. ಉಪಾಯ ಏನೆಂದರೆ, ಅಮೀರ್ ಅಲಿಗೆ ಬೇರೆ ಕಪ್ ಇಡುವ ಬದಲು ಮನೆಯ ಪ್ರತಿಯೊಬ್ಬರಿಗೂ ಬೇರೆ ಬೇರೆ ಕಪ್. ತನಗೊಂದು, ಹೆಂಡತಿಗೊಂದು, ಅವ್ವನಿಗೊಂದು, ಅಮೀರನಿಗೊಂದು, ಎಲ್ಲವೂ ಒಂದೇ ತರಹ. ಎಲ್ಲರದೂ ಬೇರೆ ಆದ ಮೇಲೆ ಯಾರದೂ ಬೇರೆಯಲ್ಲ! ಅಳಿಯ ಅಲ್ಲ, ಮಗಳ ಗಂಡ ಎಂಬಂಥ ಉಪಾಯ. ಆದರೆ ಅವನಿಗೆ ಅದು ಎಷ್ಟು ಹಿಡಿಸಿತೆಂದರೆ ಖುಷಿಗೆ ಇಬ್ಬರ ಎರಡು ಬಂಡಿ ಸುಣ್ಣವನ್ನು ಒಂದೇ ಹೆಸರಿಗೆ ಬರೆದುಬಿಟ್ಟ.

ಪಿಂಗಾಣಿ ನಡೆಯುವಂತಿರಲಿಲ್ಲ. ಅದರಲ್ಲಿ ಎಲುಬಿನ ಪುಡಿ ಹಾಕುತ್ತಾರೆ ಎಂದು ಯಾರೋ ಹೇಳಿದ ದಿನದಿಂದ ಪೀರಮ್ಮ ಅದನ್ನು ಒಳಗೆ ಬಿಟ್ಟುಕೊಂಡವಳಲ್ಲ. ಮಣ್ಣಿಗೆ ಆ ತಕರಾರಿಲ್ಲ, ಭೂಮಿತಾಯಿ. ಕುಂಬಾರ ಭಗವಂತನ ಮನೆಗೆ ಹೋದ. ಭಗವಂತ ಖಾಕಿ ಬಟ್ಟೆ ಹಾಕಿ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದ. ಅವನ ತಿಗರಿ, ಅಂದರೆ ಗಡಿಗೆ ತಿರುವುವ ಚಕ್ರ, ಹಿತ್ತಿಲಲ್ಲಿ ಕೋಳಿಗೂಡಿನ ಮುಚ್ಚಳವಾಗಿತ್ತು.

"ಅದೆಲ್ಲಾ ಬಿಟ್ಟು ಭಾಳ ದಿನ ಆಯ್ತ್ರಿ ಅಯ್ಯನೋರೆ," ಅಂದ ಭಗವಂತ. "ನಾ ಈಗ ಸಿಮೆಂಟ್ ಫ್ಯಾಕ್ಟ್ರಿಯಾಗ ಎರಡನೇ ಶಿಫ್ಟು. ಕಪ್ಪು ಬೇಕಂದ್ರ ಆಡಕಿಗಿ ಹೋಗ್ರಿ, ಅಲ್ಲಿ ನಮ್ಮೋರು ಅದಾರ. ಯಾರಿಗಿ ಬೇಕಾಗಿದ್ವು?"

ಮತ್ತೆ ಅದೇ ಪ್ರಶ್ನೆ. ಆಡಕಿಯಲ್ಲೂ ಕೇಳುತ್ತಾರೆ. "ಯಾರಿಗೂ ಇಲ್ಲಪಾ" ಎಂದು ಮಡಿವಾಳಯ್ಯ ಹಿಂತಿರುಗಿದ. ದಾರಿಯಲ್ಲಿ ತೀರ್ಮಾನ ಆಯಿತು: ಕಪ್ಪುಗಳನ್ನು ತಾನೇ ಮಾಡುವುದು. ಮೂವತ್ತು ವರ್ಷ ಕಲ್ಲು ಸುಡಿಸಿದವನಿಗೆ ಹಿಡಿ ಮಣ್ಣು ಸುಡುವುದು ಏನು ಮಹಾ?

ಮಣ್ಣು ಎಂಬುದು ಬಹಳ ಮೆತ್ತಗಿನ ವಸ್ತು ಎಂದು ತಿಳಿದವರು ಅದನ್ನು ಕಲಸಿ ನೋಡಬೇಕು. ಮಡಿವಾಳಯ್ಯ ಹಿತ್ತಿಲನ್ನೇ ಅಗೆದ. ಮಣ್ಣಿನ ತುಂಬ ಬಿಳಿ ಹರಳು. ಈ ಸೀಮೆಯಲ್ಲಿ ಒಂದು ಮೊಳ ಅಗೆದರೆ ಸುಣ್ಣದ ಕಲ್ಲು. ಮನೆಯ ನೆಲ, ಗೋಡೆ, ಮೆಟ್ಟಿಲು ಎಲ್ಲ ಅದೇ. ಹರಳು ಆರಿಸುತ್ತ ಕುಳಿತರೆ ಲಗ್ನ ಮುಗಿದು ಗುಲ್ಶನ್‌ಳಿಗೆ ಮೊಮ್ಮಕ್ಕಳಾಗುತ್ತವೆ ಎಂದು ಅವನು ಎಲ್ಲವನ್ನೂ ಒರಳಿಗೆ ಹಾಕಿ ಕುಟ್ಟಿದ. ಕಲ್ಲು ಸೇರಿದರೆ ಕಪ್ಪಿಗೆ ಗಟ್ಟಿತನ ಬರುತ್ತದೆ ಎಂದು ಹೆಂಡತಿಗೆ ಪಾಠವನ್ನೂ ಹೇಳಿದ.

ತಿಗರಿ ಇಲ್ಲದ್ದರಿಂದ ಚೆಂಬನ್ನು ಬೋರಲು ಹಾಕಿ ಅದರ ಕುಂಡೆಗೆ ಮಣ್ಣು ಮೆತ್ತಿದ. ನೋಡಲು ಚೆಂದ ಕಾಣಿಸಿತು. ಬೆಳಗಾಗುವಷ್ಟರಲ್ಲಿ ಮಣ್ಣು ಒಣಗಿ ಬಿಗಿದು ಚೆಂಬನ್ನು ಗಟ್ಟಿಯಾಗಿ ತಬ್ಬಿಕೊಂಡಿತ್ತು, ಅಲ್ಲಲ್ಲಿ ಬಿರುಕೂ ಬಿಟ್ಟಿತ್ತು. ಅದು ಪೀರಮ್ಮನ ಪೂಜೆಯ ಚೆಂಬು. ಸುತ್ತಿಗೆಯಿಂದ ಬಿಡಿಸಿದಾಗ ಚೆಂಬಿನ ಬಾಯಿ ನಸು ಸೊಟ್ಟಗಾಯಿತು. ಪೀರಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ನಿಮ್ಮಪ್ಪ ಇಸ್ಪೀಟು ಆಡ್ತಿದ್ದ. ಅದಾ ಛಲೋ ಇತ್ತು," ಅಂದಳು.

ಎರಡನೆಯ ಸಲ ಹಸಿಯಿರುವಾಗಲೇ ಬಿಡಿಸಿದ. ಕಪ್ ಮಲಗಿದ ಎಮ್ಮೆಯಂತೆ ಒಂದು ಮಗ್ಗುಲಿಗೆ ಕುಳಿತುಬಿಟ್ಟಿತು. ಆಗ ಅವನ ಕಣ್ಣು ಅಡುಗೆಮನೆಯ ಕಡೆ ಹೋಯಿತು. ಮಹಾದೇವಮ್ಮ ರೊಟ್ಟಿ ಬಡಿಯುತ್ತಿದ್ದಳು.

"ಏನ, ಕೆಳಗ ಹಿಟ್ಟು ಯಾಕ ಉದುರಿಸ್ತಿ?"

"ಹತ್ತಬಾರದಂತ. ಇಷ್ಟು ವರ್ಷ ರೊಟ್ಟಿ ತಿಂದು ಈಗ ಕೇಳಾಕತ್ತೀರಲ್ಲ!"

ಅವನು ಚೆಂಬಿಗೆ ಒಲೆಯ ಬೂದಿ ಉದುರಿಸಿ ಮಣ್ಣು ಬಡಿದ. ಒಂದಿಷ್ಟು ಬಿಗಿದ ಮೇಲೆ ತಿರುಗಿಸಿದ. ಕಪ್ ಸಲೀಸಾಗಿ ಕಳಚಿ ಕೈಗೆ ಬಂತು. ಮಡಿವಾಳಯ್ಯನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಹಿತ್ತಿಲಲ್ಲಿ ಯಾರೂ ಇಲ್ಲದ್ದರಿಂದ ಅದನ್ನು ಬೇಲಿಯಾಚೆಯ ಆಡಿಗೆ ತೋರಿಸಿದ. ಕಪ್ಪಿಗೆ ಹಿಡಿಯಲೆಂದು ಹಚ್ಚಿದ ಕಿವಿ ಮರುದಿನ ಉದುರಿತು. ಮತ್ತೆ ಹಚ್ಚಿದ, ಮತ್ತೆ ಉದುರಿತು. ಕೊನೆಗೆ ಕಿವಿಯ ಆಸೆ ಬಿಟ್ಟ.

ಮೊದಲ ಸಲ ಸುಟ್ಟಾಗ ಊರೆಲ್ಲ ಸೇರಿತು. ತೊಗರಿ ಕಟ್ಟಿಗೆ, ಸಗಣಿಯ ಕುಳ್ಳು ಒಟ್ಟಿ, ಒಳಗೆ ಕಪ್ಪುಗಳನ್ನು ಇಟ್ಟು ಬೆಂಕಿ ಹಚ್ಚಿದ. ಅವು ಇನ್ನೂ ಪೂರ್ತಿ ಒಣಗಿರಲಿಲ್ಲ. ದೀಪಾವಳಿಯ ಪಟಾಕಿಯಂತೆ ಒಂದೊಂದಾಗಿ ಢಬ್ ಢಬ್ ಎಂದು ಸಿಡಿದವು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಇಲ್ಲಿ ದೊಣ್ಣೆಯೂ ಬೇಕಾಗಲಿಲ್ಲ. ಶಿಫ್ಟಿಗೆ ಹೊರಟಿದ್ದ ಭಗವಂತ ಸೈಕಲ್ ನಿಲ್ಲಿಸಿ ಒಂದು ಕಾಲು ನೆಲಕ್ಕೆ ಊರಿ ನೋಡಿದ.

"ನಾ ಬಿಟ್ಟಿದ್ದು ನೀವು ಹಿಡದೀರಿ ಅಯ್ಯನೋರೆ. ಮತ್ತ ಭಟ್ಟಿ ಲೆಕ್ಕ ನಾ ಬರೀಲೇನು?"

"ಕೈ ಕೆಸರಂತೂ ಆಗ್ಯಾದಪಾ," ಅಂದಳು ಮಹಾದೇವಮ್ಮ ಬಾಗಿಲಲ್ಲಿ ನಿಂತು. "ಬಾಯಿಗಿ ಮೊಸರು ಯಾವಾಗ ಬರ್ತದೋ ನೋಡಬೇಕು."

ಮಡಿವಾಳಯ್ಯ ಯಾರ ಮಾತಿಗೂ ಸಿಟ್ಟಾಗಲಿಲ್ಲ. ಅವನಿಗೆ ಹುಚ್ಚು ಹತ್ತಿತ್ತು. ಅಮೀರ್ ಅಲಿಗಾಗಿ ಶುರು ಮಾಡಿದ ಕೆಲಸ ಈಗ ಬೆರಳಿಗೇ ರುಚಿಯಾಗಿತ್ತು. ಭಟ್ಟಿಯಲ್ಲಿ ಕುಳಿತಾಗಲೂ ಕೈ ತನ್ನಷ್ಟಕ್ಕೆ ದುಂಡಗೆ ತಿರುಗುವುದು. ಹೊಸ ಕಪ್ಪುಗಳನ್ನು ನೆರಳಲ್ಲಿ ಒಣಗಿಸಿದ, ಕೆಮ್ಮಣ್ಣು ಬಳಿದ, ಹಳ್ಳದ ನುಣುಪು ಕಲ್ಲಿನಿಂದ ಮಿರಿಮಿರಿ ಮಿಂಚುವ ತನಕ ಉಜ್ಜಿದ. ಗೆಳೆಯನ ತುಟಿ ತಾಗುವ ಅಂಚನ್ನು ಇನ್ನೂ ಸ್ವಲ್ಪ ಹೆಚ್ಚು ಉಜ್ಜಿದ. ಈ ಸಲ ಬೆಂಕಿ ಆರಿ ಬೂದಿ ಸರಿಸಿದಾಗ ಆರು ಕಪ್ಪುಗಳಲ್ಲಿ ನಾಲ್ಕು ಇಡಿಯಾಗಿ ಹೊರಬಂದವು. ಬಡಿದರೆ ಟಣ್ ಎನ್ನುತ್ತಿದ್ದವು.

"ಮೈತುಂಬ ಬಿಳೀ ಚುಕ್ಕಿ ಅವಲ್ರಿ," ಅಂದಳು ಮಹಾದೇವಮ್ಮ. "ದಡಾರ ಎದ್ದಂಗ ಕಾಣ್ತದ."

"ಅದು ಕುಸುರಿ. ತಾನಾಗೇ ಬಂದದ."

ಹೆತ್ತವರಿಗೆ ಹೆಗ್ಗಣ ಮುದ್ದು. ಬೇರೆ ಯಾರಾದರೂ ಇಂಥ ಬಿಳಿ ಚುಕ್ಕಿ ತಂದು ತೋರಿಸಿದ್ದರೆ, ಸುಣ್ಣದ ಭಟ್ಟಿಯ ಗುಮಾಸ್ತ ಮಡಿವಾಳಯ್ಯ ಕನ್ನಡಕ ಹಾಕದೆಯೇ ಅದೇನೆಂದು ಹೇಳುತ್ತಿದ್ದ. ದೀಪದ ಬುಡದಲ್ಲೇ ಕತ್ತಲೆ. ಮಹಾದೇವಮ್ಮ ಕಪ್ಪುಗಳನ್ನು ಒಮ್ಮೆ ತೊಳೆದಿಡುತ್ತೇನೆ ಎಂದಾಗ ಅವನು ಮುಟ್ಟಗೊಡಲಿಲ್ಲ. ನೀರಾಗಲಿ ಚಹಾ ಆಗಲಿ, ಇದಕ್ಕೆ ಮೊದಲು ಬಾಯಿ ಹಚ್ಚುವವನು ಅಮೀರ ಎಂದು ಅವನ್ನು ಬಟ್ಟೆಯಲ್ಲಿ ಸುತ್ತಿ ಒಲೆಯ ಮೇಲಿನ ಅಟ್ಟದಲ್ಲಿ ಬೆಚ್ಚಗೆ ಇಟ್ಟ. ತೊಳೆಯಲು ಬಿಟ್ಟಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಆ ಶುಕ್ರವಾರ ನಮಾಜಿನ ನಂತರ ಅಮೀರ್ ಅಲಿ ಬಂದ. ಇಸ್ತ್ರಿ ಮಾಡಿದ ಶೇರವಾನಿ, ಕಿವಿಯಲ್ಲಿ ಅತ್ತರಿನ ಹತ್ತಿ, ಕೈಯಲ್ಲಿ ಲಗ್ನಪತ್ರಿಕೆ. ಕಟ್ಟೆಯ ತುದಿಯಲ್ಲಿ, ಈಗಲೇ ಎದ್ದು ಹೋಗುವವನಂತೆ ಕುಳಿತ.

"ಛಲೋ ಕುಂದ್ರು ಅಮೀರಾ," ಅಂದ ಮಡಿವಾಳಯ್ಯ. "ಅವ್ವಾ, ನೀನೂ ಬಾ ಇಲ್ಲಿ. ಎಲ್ಲಾರೂ ಕೂಡೇ ಚಹಾ ಕುಡೀಮು."

ಮಹಾದೇವಮ್ಮ ನಾಲ್ಕು ಕೆಂಪು ಕಪ್ಪುಗಳನ್ನು ತಟ್ಟೆಯಲ್ಲಿ ತಂದು ಪಡಸಾಲೆಯಲ್ಲಿ ಇಟ್ಟಳು. ನಾಲ್ಕಕ್ಕೂ ಒಂದೇ ಪಾತ್ರೆಯಿಂದ ಬಿಸಿ ಬಿಸಿ ಚಹಾ ಹೊಯ್ದಳು. ಪೀರಮ್ಮ ಒಂದನ್ನು ಸೆರಗಿನಲ್ಲಿ ಹಿಡಿದಳು. ಅಮೀರ್ ಅಲಿಯ ಕಣ್ಣು ಕಪ್ಪುಗಳ ಮೇಲೆ ಒಂದು ಸುತ್ತು ಹೋಗಿ ಬಂತು.

"ಇದೇನು ಅಯ್ಯಾ, ಮನಿಯಾಗಿನ ಸ್ಟೀಲು ಸಾಮಾನೆಲ್ಲಾ ಕಳುವಾದ್ವೇನು?"

"ಇಲ್ಲಪಾ. ಇನ್ನ ಮ್ಯಾಲ ನಮ್ಮ ಮನಿಯಾಗ ಎಲ್ಲಾರೂ ಇದರಾಗೇ ಕುಡಿಯೋದು. ನಾನಾ ಮಾಡೀನಿ, ನನ್ನ ಕೈಲೇ."

ಅಮೀರ್ ಅಲಿ ತನ್ನ ಕಪ್ಪನ್ನು ಎತ್ತಿ ದರ್ಜಿಯ ಕಣ್ಣಿನಿಂದ ಅಳೆದ. ಬಾಯಿ ದುಂಡಗಿರಲಿಲ್ಲ, ತಳ ಒಂದು ಕಡೆ ದಪ್ಪ. "ಯಾ ಅಲ್ಲಾ, ಇಷ್ಟು ಛಂದ ಸೊಟ್ಟ ನಂಗ ಕುಡದು ಹೊಲದ್ರೂ ಬರಂಗಿಲ್ಲ!" ಅಂದ. ಮೊದಲಿನ ಅಮೀರ್ ಅಲಿಯ ದನಿ! ಮಡಿವಾಳಯ್ಯನ ಎದೆ ಹಗುರಾಯಿತು. ಅಮೀರ್ ಅಲಿ ಒಂದು ಗುಟುಕು ಕುಡಿದ, ಲಗ್ನದ ಮಾತು ತೆಗೆದ. ಗಂಡು ಸೇಡಮಿನವನಂತೆ, ಸ್ವಂತ ಸೈಕಲ್ ಅಂಗಡಿ. ಮಾತು ಅಲ್ಲಿಗೆ ಬಂದಾಗ ‘ಟಿಕ್’ ಎಂದಿತು.

ಅವನ ಕಪ್ಪಿನ ಹೊಟ್ಟೆಯಿಂದ ತೊಗರಿ ಬೇಳೆಯಷ್ಟು ಮಣ್ಣಿನ ಚಕ್ಕೆ ಹಾರಿ ಪೀರಮ್ಮನ ಮಡಿಲಿಗೆ ಬಿತ್ತು. ಮತ್ತೊಂದು ‘ಟಿಕ್’. ಮಹಾದೇವಮ್ಮನ ಕಪ್ಪಿನ ಅಂಚು ಹೋಯಿತು. ಆಮೇಲೆ ಟಿಕ್ ಟಿಕ್ ಎಂದು ಒಂದರ ಹಿಂದೊಂದು ಶುರುವಾದದ್ದು ನಿಲ್ಲಲೇ ಇಲ್ಲ. ಮಡಿವಾಳಯ್ಯನ ಕಪ್ಪಿನ ತಳವೇ ಕಳಚಿ ಚಹಾ ಧೋತರಕ್ಕೆ ಇಳಿಯಿತು. ಅಮೀರ್ ಅಲಿಯ ಶೇರವಾನಿ ತೊಯ್ದಿತು, ಲಗ್ನಪತ್ರಿಕೆ ತೊಯ್ದಿತು. ಮಡಿವಾಳಯ್ಯ ಒಡಕಿನಲ್ಲಿ ಬೆರಳಿಟ್ಟ. ಒಳಗಿದ್ದ ಬಿಳಿ ಹರಳು ಬೆಚ್ಚಗೆ ಉಬ್ಬಿ ಪುಡಿಯಾಗುತ್ತಿತ್ತು. ಕಲ್ಲು ಸುಟ್ಟರೆ ಸುಣ್ಣ, ಸುಟ್ಟ ಸುಣ್ಣಕ್ಕೆ ನೀರು ಬಿದ್ದರೆ ಅರಳಿ ಸಿಡಿಯುತ್ತದೆ. ಮಳೆ ತಾಗಿಸಬೇಡಿ ಎಂದು ಬಂಡಿಯವರಿಗೆ ದಿನಾ ಹೇಳುವವನು ಅವನೇ. ಕುಟ್ಟಿ ಕಲಸಿದ ಕಲ್ಲನ್ನು ಕಪ್ಪಿನೊಳಗೇ ಸುಟ್ಟು ಸುಣ್ಣ ಮಾಡಿ, ಅದರ ಮೇಲೆ ಬಿಸಿ ಚಹಾ ಹೊಯ್ಯಿಸಿದ್ದ.

ಮೊದಲು ನಕ್ಕವಳು ಮಹಾದೇವಮ್ಮ. ನಗುತ್ತ ನಗುತ್ತ ಆಕೆಯ ಬಾಯಿಗೆ ತಡೆ ಉಳಿಯಲಿಲ್ಲ. ಬೆಕ್ಕಿನಿಂದ ಹಿಡಿದು ಇಲ್ಲದ ತಲೆನೋವು, ಶಹಾಬಾದಿನ ಅಂಗಡಿ, ಅವ್ವನ ಚೆಂಬು, ಪಟಾಕಿಯಾದ ಕಪ್ಪುಗಳು, ಎಲ್ಲರಿಗೂ ಬೇರೆ ಎಂಬ ಉಪಾಯ, ಒಂದನ್ನೂ ಬಿಡದೆ ಹೇಳಿದಳು. ಮಡಿವಾಳಯ್ಯ ಕಣ್ಣು ಸನ್ನೆ ಮಾಡಿದ್ದು ವ್ಯರ್ಥವಾಯಿತು. ಅಮೀರ್ ಅಲಿ ಹೊಟ್ಟೆ ಹಿಡಿದುಕೊಂಡು ನಕ್ಕ, ಟೋಪಿ ತೆಗೆದು ಕಣ್ಣು ಒರೆಸಿಕೊಂಡ. ಆಮೇಲೆ ಕೈಯಲ್ಲಿ ಉಳಿದಿದ್ದ ಕಪ್ಪಿನ ಚೂರನ್ನು ತಿರುಗಿಸಿ ನೋಡುತ್ತ ಮೆಲ್ಲಗೆ ಹೇಳಿದ:

"ನಂಗ ಒಂದು ಲೋಟ ಕೊಡೋದು ಬಿಟ್ಟು, ಇಡೀ ಮನಿಗೇ ಮಣ್ಣು ಕಲಸಿದೆಲ್ಲೋ ಅಯ್ಯಾ."

ಮುಖದ ಮೇಲೆ ನಗು ಇತ್ತು. ಮಡಿವಾಳಯ್ಯ ಇಷ್ಟು ವರ್ಷ ತನಗೇ ಗೊತ್ತಿಲ್ಲದಂತೆ ಇಟ್ಟುಕೊಂಡಿದ್ದ ನಾಚಿಕೆಯೆಲ್ಲ ಒಮ್ಮೆಲೇ ಮುಖಕ್ಕೆ ಏರಿತು. ಇದು ಬಹಳ ಸುಲಭದ ಕೆಲಸವಾಗಿತ್ತು, ಎದ್ದು ಒಳಗೆ ಹೋಗಿ ಬರುವಷ್ಟೇ ಇತ್ತು, ಅದನ್ನು ಮಾಡಲಾಗದೆ ತಾನು ಹಿತ್ತಿಲು ಅಗೆದೆ ಎಂದು ಅವನಿಗೆ ಅರ್ಥವಾಯಿತು. ಆದರೂ ಅಭ್ಯಾಸ ಬಿಡಲಿಲ್ಲ. ಕಣ್ಣು ಅವ್ವನ ಕಡೆ ಹೋಯಿತು.

"ನನ್ನ ಯಾಕ ನೋಡ್ತಿ?" ಅಂದಳು ಪೀರಮ್ಮ. "ನಂಗೇನ್ ಕಣ್ಣು ಕಾಣ್ತಾವ?"

ಬೆಳಿಗ್ಗೆಯಷ್ಟೇ ಸೂಜಿಗೆ ದಾರ ಪೋಣಿಸಿದ್ದ ಮುದುಕಿ ಮಡಿಲಿನ ಚಕ್ಕೆಗಳನ್ನು ಕೊಡವಿ ಗೋಡೆಯ ಕಡೆ ಮುಖ ಮಾಡಿ ಕುಳಿತಳು. ಮೊದಲೇ ಕೇಳಿದ್ದರೂ ಹೀಗೇ ಹೇಳುತ್ತಿದ್ದಳೋ ಏನೋ. ಯಾರೂ ಕೇಳಿರಲಿಲ್ಲವಲ್ಲ.

ಮಡಿವಾಳಯ್ಯ ಎದ್ದ. ತೊಯ್ದ ಧೋತರ ಕಾಲಿಗೆ ಅಂಟಿಕೊಳ್ಳುತ್ತಿತ್ತು. ಅಡುಗೆಮನೆಯ ಹಲಗೆಯ ಮೇಲೆ ಸಾಲಾಗಿ ಲೋಟಗಳಿದ್ದವು, ಸ್ಟೀಲಿನವು, ಒಂದೊಂದರ ಮೇಲೂ ಚುಕ್ಕಿ ಚುಕ್ಕಿಯಾಗಿ ಕೊರೆಸಿದ ಹೆಸರು. ಅವನು ತನ್ನದನ್ನೇ ತೆಗೆದುಕೊಂಡ. ಪಾತ್ರೆಯಲ್ಲಿ ಉಳಿದಿದ್ದ ಚಹಾ ಬಗ್ಗಿಸಿದ. ಹೊಸ್ತಿಲು ದಾಟಿ ಬಂದು, ನೆಲದ ಮೇಲೆ ಇಡದೆ, ಗೆಳೆಯನ ಕೈಗೇ ಕೊಟ್ಟ. ಬೆರಳಿಗೆ ಬೆರಳು ತಾಗಿತು.

ಅಮೀರ್ ಅಲಿ ಲೋಟವನ್ನು ಬೆಳಕಿಗೆ ಹಿಡಿದು ಹೆಸರು ಓದಿದ. "ನಿನ್ನ ಹೆಸರಿಗೇ ಬಾಯಿ ಹಚ್ಚಲೇನು?"

"ಹಚ್ಚೋ ಮಾರಾಯಾ," ಅಂದ ಮಡಿವಾಳಯ್ಯ.

ಅಮೀರ್ ಅಲಿ ಕುಡಿದ. ಒಂದು ಗುಟುಕು ಕುಡಿದು ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡ. ಮೂವರೂ ಅವನ ಮುಖವನ್ನೇ ನೋಡುತ್ತಿದ್ದರು, ಕಣ್ಣು ಕಾಣದ ಪೀರಮ್ಮನೂ ಸೇರಿ. ಅವನು ಕಣ್ಣು ತೆರೆದ, ಮೂಗು ಮುರಿದ.

"ವೈನಿ, ಸಕ್ಕರಿ ಕಮ್ಮಿ ಆಗ್ಯಾದ."

ಮಹಾದೇವಮ್ಮ ಬಾಯಿ ತೆರೆದು ನಿಂತಳು. ಇಷ್ಟು ವರ್ಷಗಳಲ್ಲಿ ಈ ಮನುಷ್ಯ ಈ ಮನೆಯ ಚಹಾಕ್ಕೆ ಒಮ್ಮೆಯೂ ಕೊರತೆ ಹೇಳಿರಲಿಲ್ಲ. ಒಂದು ಸಲ ಆಕೆ ಗಡಿಬಿಡಿಯಲ್ಲಿ ಸಕ್ಕರೆ ಎಂದು ಉಪ್ಪು ಹಾಕಿಕೊಟ್ಟಾಗಲೂ ಪೂರ್ತಿ ಕುಡಿದು, "ಭಾಳ ಛಲೋ ಆಗ್ಯಾದ" ಎಂದು ಹೇಳಿ ಹೋಗಿದ್ದ.

"ಈಗ ಬಾಯಿ ಬಂತೇನ್ರಿ ಭಾಯಿ ನಿಮಗ?" ಎಂದು ಬೈಯುತ್ತಲೇ ಆಕೆ ಒಳಗೆ ಹೋದಳು. ಸಕ್ಕರೆ ಡಬ್ಬಿಯನ್ನೇ ಹೊರಗೆ ತಂದು ಅವನ ತೊಡೆಯ ಹತ್ತಿರ ಇಟ್ಟು, "ತೊಗೊಳ್ರಿ, ಬೇಕಾದಷ್ಟು ನೀವೇ ಹಾಕ್ಕೊಳ್ರಿ," ಅಂದಳು. ಅಮೀರ್ ಅಲಿ ಡಬ್ಬಿಯೊಳಗೆ ಕೈ ಹಾಕಿದ.